ಕಾರಿಮೀಲದಲ್ಲಿ ಸಿಕ್ಕ ನಮ್ಮವರು

ಪರದೇಶದಲ್ಲಿ ಚರ್ಚು ಹುಡುಕಿಕೊಳ್ಳುವುದು ಸುಲಭ. ಪೂಜೆ ಮುಗಿದ ಮೇಲೆ ಮಾತಾಡಿಸುವವರು ಸಿಗಬೇಕಲ್ಲ! ನನಗೆ, ಮಂಗಳೂರಿನ ಕ್ಯಾಥೊಲಿಕಳಿಗೆ, ಅವರು ಸಿಕ್ಕಿದ್ದು ಉತ್ತರ ಐರ್ಲೆಂಡಿನ ಬ್ಯಾಲಿಕ್ಯಾಸಲ್ ಹತ್ತಿರದ ಕಾರಿಮೀಲ ಶಾಂತಿ ಕೇಂದ್ರದಲ್ಲಿ.

1965ರಲ್ಲಿ ಇದನ್ನು ಶುರುಮಾಡಿದ ರೇ ಡೇವಿ ಪ್ರೆಸ್ಬಿಟೇರಿಯನ್ ಪಾದ್ರಿ. ಎರಡನೇ ಮಹಾಯುದ್ಧದಲ್ಲಿ ಸೆರೆಯಾಳಾಗಿದ್ದಾಗ ಡ್ರೆಸ್ಡೆನ್ ನಗರ ಬಾಂಬಿಗೆ ಉರಿದದ್ದನ್ನು ಕಂಡವರು. ಆಮೇಲೆ ಉತ್ತರ ಐರ್ಲೆಂಡಿನಲ್ಲೇ ನಡೆದ ಗಲಭೆಗಳಲ್ಲಿ ಸುಮಾರು 3500 ಜನ ಸತ್ತರು. ಅಂಥ ಕಾಲದಲ್ಲೂ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಕುಟುಂಬಗಳು ಇಲ್ಲಿ ಒಟ್ಟಿಗೆ ಬಂದು ತಂಗುತ್ತಿದ್ದವು. ಎಷ್ಟು ಧೈರ್ಯ ಬೇಕು ಅದಕ್ಕೆ!

ಶಾಂತಿಯ ಕೆಲಸವೆಂದರೆ ದೊಡ್ಡ ಮಾತುಕತೆ ಅಂದುಕೊಂಡಿರುತ್ತೇವೆ. ಆದರೆ ಸ್ವಯಂಸೇವಕರಿಗೆ ಇಲ್ಲಿ ಹೆಚ್ಚಾಗಿ ಸಿಗುವುದು ಹಾಸಿಗೆ ಹಾಸುವುದು, ಬಡಿಸುವುದು, ಪಾತ್ರೆ ತೊಳೆಯುವುದು. ಪಕ್ಕದಲ್ಲಿ ನಿಂತು ತಟ್ಟೆ ಒರೆಸುವವರ ಹತ್ತಿರ ಮನೆಯ ಸುದ್ದಿ ತಾನಾಗಿಯೇ ಬಾಯಿಗೆ ಬರುತ್ತದೆ. ನಾನು ಹೊರಗಿನವಳು ಅನ್ನಿಸುವುದು ನಿಂತದ್ದು ಅಲ್ಲೇ.

1998ರ ಶಾಂತಿ ಒಪ್ಪಂದವಾದ ಮೇಲೂ ಬೆಲ್‌ಫಾಸ್ಟಿನಲ್ಲಿ ಎರಡೂ ಪಂಗಡಗಳ ಕೇರಿಗಳ ನಡುವೆ ಗೋಡೆಗಳಿವೆ. ಬಹುಪಾಲು ಮಕ್ಕಳು ಇವತ್ತಿಗೂ ಬೇರೆ ಬೇರೆ ಶಾಲೆಗೇ ಹೋಗುತ್ತಾರೆ. ಕೆಲಸ ಇನ್ನೂ ಬೇಕಾದಷ್ಟಿದೆ. ಈ ಕಡೆ ಓದಲು ಬಂದ ನಮ್ಮ ಹುಡುಗ ಹುಡುಗಿಯರೇ, ಒಮ್ಮೆ ಬಂದು ನೋಡಿ.