ಶನಿವಾರದ ಅಪರಾಹ್ನ

ಯೆಹೂದ್ಯರ ವರ್ಷಾರಂಭದ ಪುಣ್ಯದಿನಗಳು ಸಮೀಪಿಸಿದುವೆಂದರೆ, ಅಂದು ಆಸ್ಟ್ರಿಯಾದ ಆಳ್ವಿಕೆಗೊಳಪಟ್ಟಿದ್ದ ಗಲೀಷಿಯಾ ಪ್ರಾಂತದ ರೈಲುಗಳಲ್ಲಿ ಕಾಲಿಡಲು ಸ್ಥಳವಿರುತ್ತಿರಲಿಲ್ಲವಂತೆ. ತಂದೆಯರು, ಪತಿಯರು, ಮೀಸೆ ಮೂಡದ ಬಾಲಕರು ಎಲ್ಲರೂ ತಮ್ಮ ಗುರುವಾದ ರೆಬ್ಬೆಯ ಸನ್ನಿಧಿಯಲ್ಲಿ ಹಬ್ಬವನ್ನಾಚರಿಸಿ, ಹಾಡಿ ಕುಣಿದು ಧನ್ಯರಾಗಲು ಹೊರಟವರು. ಮನೆಯಲ್ಲುಳಿಯುತ್ತಿದ್ದವರು ತಾಯಂದಿರೂ ಹೆಣ್ಣುಮಕ್ಕಳೂ. ಮದುವೆಯ ಮನೆಯಲ್ಲಿ ಒಲೆಯ ಮುಂದೆ ಕುಳಿತು ವಾಲಗವನ್ನು ಗೋಡೆಯಾಚೆಯಿಂದಲೇ ಕೇಳಿದವಳಂತೆ, ಆ ಹುಡುಗಿಯರು ತಮ್ಮ ಧರ್ಮದ ಆನಂದವನ್ನು ದೂರದಿಂದ ಬಲ್ಲವರಾಗಿದ್ದರು. ಈ ಚಿತ್ರವನ್ನು ಬರೆದಿಟ್ಟವರು ಕ್ರಾಕೋವ್ ನಗರದಲ್ಲಿ ಹೊಲಿಗೆಯಿಂದ ಜೀವನ ಸಾಗಿಸುತ್ತಿದ್ದ ಸಾರಾ ಶೆನಿರರ್ (1883-1935).

ಇದರಲ್ಲೊಂದು ವಿಪರ್ಯಾಸವುಂಟು. ಗಂಡುಮಗನನ್ನು ಪರಕೀಯ ವಿದ್ಯೆಯ ಸೋಂಕಿನಿಂದ ಕಾಪಾಡಲೆಂದು ಧರ್ಮಪಾಠಶಾಲೆಗೆ ಸೇರಿಸುತ್ತಿದ್ದ ತಂದೆಯೇ, ಸರ್ಕಾರದ ಕಡ್ಡಾಯ ಶಿಕ್ಷಣದ ಕಟ್ಟಳೆ ಮಗಳಿಂದ ನೆರವೇರಿದರೆ ಸಾಕೆಂಬ ನಿರ್ಲಕ್ಷ್ಯದಿಂದ ಆಕೆಯನ್ನು ಪೋಲಿಷ್ ಶಾಲೆಗೆ ಕಳುಹಿಸುತ್ತಿದ್ದನು. ಆಕೆ ಕಾವ್ಯ, ನಾಟಕಗಳನ್ನು ಓದಿ ಮನೆಗೆ ಬಂದರೆ, ಅಲ್ಲಿ ಆಕೆಯೊಡನೆ ಮಾತನಾಡಬಲ್ಲವರೇ ಇಲ್ಲ! ಹೊಸ್ತಿಲು ದಾಟದೆಯೇ ಪರದೇಶಿಯಾಗುವುದೆಂದರೆ ಇದೇ.

ಮೊದಲನೆಯ ಮಹಾಯುದ್ಧದ ಹಾವಳಿಯಲ್ಲಿ ವಿಯೆನ್ನಾಕ್ಕೆ ವಲಸೆ ಹೋದ ಸಾರಾ, ಅಲ್ಲಿ ಕೇಳಿದ ಧರ್ಮೋಪದೇಶದಿಂದ ಪ್ರೇರಿತರಾಗಿ ಮರಳಿ ಬಂದು ಬೆಳೆದ ಹುಡುಗಿಯರನ್ನು ಒಟ್ಟುಗೂಡಿಸಲು ಯತ್ನಿಸಿದಾಗ, ಆ ಹುಡುಗಿಯರು ನಕ್ಕುಬಿಟ್ಟರು. ಆಗ ನಗಲರಿಯದ ವಯಸ್ಸಿನವರನ್ನು ಆರಿಸಿಕೊಂಡರು. 1917ರಲ್ಲಿ 25 ಪುಟ್ಟ ಹುಡುಗಿಯರೊಡನೆ ಆರಂಭವಾದ ಬೈಸ್ ಯಾಕೋವ್ ಶಾಲೆ, 1930ರ ದಶಕ ಮುಗಿಯುವುದರೊಳಗೆ ಪೋಲೆಂಡಿನಲ್ಲಿ 200ಕ್ಕೂ ಮಿಕ್ಕ ಶಾಲೆಗಳಾಗಿ, 30,000ಕ್ಕೂ ಹೆಚ್ಚು ವಿದ್ಯಾರ್ಥಿನಿಯರನ್ನು ಒಳಗೊಂಡಿತು.

ಆದರೆ ನನ್ನ ಮನಸ್ಸನ್ನು ಸೆಳೆಯುವುದು ಶಾಲೆಗಿಂತ ಅದರೊಡನೆ ಬೆಳೆದ 'ಬ್ನೋಸ್' ಎಂಬ ತರುಣಿಯರ ಸಂಘ, ಅದರ ನೆರಳಿನಲ್ಲಿ ಚಿಕ್ಕವರಿಗಾಗಿ ಹುಟ್ಟಿದ 'ಬತ್ಯಾ'. ಶನಿವಾರದ ವಿಶ್ರಾಂತಿದಿನವಾದ ಶಬ್ಬಾತಿನ ಮಧ್ಯಾಹ್ನ ಭೋಜನವಾಗಿ ಹಿರಿಯರು ನಿದ್ರೆಗೆ ಜಾರಿದ ಹೊತ್ತಿನಲ್ಲಿ ಹುಡುಗಿಯರು ಒಂದೆಡೆ ಸೇರುವರು. ಅಂದು ಲೇಖನಿ ಹಿಡಿಯುವಂತಿಲ್ಲ, ವಾದ್ಯ ನುಡಿಸುವಂತಿಲ್ಲ, ದೀಪ ಹಚ್ಚುವಂತಿಲ್ಲ. ಕಂಠವೂ ಕೈಕಾಲುಗಳೂ ನೆನಪೂ ಮಾತ್ರವೇ ಬಂಡವಾಳ. ಅಷ್ಟರಿಂದಲೇ ಹಾಡು, ಕೈಕೈ ಹಿಡಿದ ವರ್ತುಲನೃತ್ಯ, ಪೂರ್ವಾಚಾರ್ಯರ ಸೂಕ್ತಿಗಳ ವಿವೇಚನೆ. ಅಣ್ಣನು ಗಟ್ಟಿಯಾಗಿ ಒಪ್ಪಿಸುತ್ತಿದ್ದಾಗ ಪಕ್ಕದ ಕೋಣೆಯಿಂದ ಕಿವಿಗೆ ಬಿದ್ದಿದ್ದ ವಾಕ್ಯವು ತನ್ನ ಬಾಯಿಂದಲೇ ಹೊರಟು, ಅದರ ಅರ್ಥವನ್ನು ಕುರಿತು ತಾನೂ ವಾದಿಸಬಹುದೆಂದು ತಿಳಿದಾಗ ಆ ಬಾಲಿಕೆಗಾಗುವ ಬೆರಗು ಎಂತಹುದಿದ್ದೀತು!

ಬೇಸಿಗೆಯಲ್ಲಿ ಅಧ್ಯಾಪಕಿಯರಾಗಲಿದ್ದ ತರುಣಿಯರು ಕಾರ್ಪಾಥಿಯನ್ ಗಿರಿಪ್ರದೇಶದ ಹಳ್ಳಿಗಳಿಗೆ ಹೋಗಿ, ರೈತರ ಮನೆಗಳಲ್ಲಿ ಹುಲ್ಲಿನ ಹಾಸಿಗೆಯ ಮೇಲೆ ಮಲಗಿ, ಮರಗಳ ನೆರಳಿನಲ್ಲಿ ಪಾಠ ಕೇಳುತ್ತಿದ್ದರು. ಪಾಠ ಹೇಳಲು ಫ್ರಾಂಕ್‌ಫರ್ಟಿನಿಂದ ಬಂದಿದ್ದ ಜುಡಿತ್ ರೋಸೆನ್‌ಬಾಮ್ ಸಹ ಎಳೆಯ ವಯಸ್ಸಿನವರೇ. ನಗರದ ಇಕ್ಕಟ್ಟಾದ ಬೀದಿಗಳಲ್ಲಿ ಬೆಳೆದವರಿಗೆ ಅರಣ್ಯದ ಮುಂಜಾವವೇ ಒಂದು ಪಾಠವಾಗಿದ್ದಿರಬೇಕು.

'ನೀನು ನಮ್ಮವಳು' ಎಂದು ಎಷ್ಟು ಬಾರಿ ಹೇಳಿದರೂ ಮಗುವಿಗೆ ನಂಬಿಕೆ ಹುಟ್ಟದು. 'ಈ ಎಂಟು ಜನ ಚಿಕ್ಕವರನ್ನು ನೀನು ನೋಡಿಕೊ' ಎಂದೊಪ್ಪಿಸಿದರೆ ತಾನಾಗಿ ಹುಟ್ಟೀತು. ಸಾರಾ ಇದನ್ನು ಯಾವ ಶಾಸ್ತ್ರದಿಂದ ಕಲಿತರೋ ತಿಳಿಯದು. ಹದಿಹರೆಯ ಮುಗಿಯದ ಶಿಷ್ಯೆಯರನ್ನೇ ಹೊಸ ಊರುಗಳಿಗೆ ಅಧ್ಯಾಪಕಿಯರಾಗಿ ಕಳುಹಿಸುವ ಧೈರ್ಯ ಆಕೆಗಿತ್ತು.

1939ರ ಅನಂತರ ಆ ಹುಡುಗಿಯರಲ್ಲಿ ಬಹುಮಂದಿ ನಾಜಿಗಳ ಹಿಂಸೆಗೆ ಬಲಿಯಾದರು. ಸಾರಾರ ಸಮಾಧಿಯಿದ್ದ ಶ್ಮಶಾನದ ಮೇಲೆಯೇ ಪ್ಲಾಶೋವಿನ ಸೆರೆಶಿಬಿರ ಎದ್ದಿತು. ಇದನ್ನರಿತವರು ಆ ಹಾಡುಗಳಲ್ಲಿಯೂ ಮೃತ್ಯುವಿನ ಹೆಜ್ಜೆಯನ್ನೇ ಕೇಳುವುದು ಸಹಜ. ಆದರೆ ನನಗದು ನ್ಯಾಯವೆನಿಸದು. ಹಾಡುತ್ತಿದ್ದವರಿಗೆ ಆ ಅಪರಾಹ್ನ ಯಾವುದರ ಪೀಠಿಕೆಯೂ ಆಗಿರಲಿಲ್ಲ.

ಅವರು ಹಾಡುತ್ತಿದ್ದ ಆ ವರ್ಷಗಳಲ್ಲಿ, ಹೆಣ್ಣಿಗೆ ಧರ್ಮಗ್ರಂಥವಾದ ತೋರಾ ಕಲಿಸುವುದು ಯೋಗ್ಯವೇ ಎಂಬ ಜಿಜ್ಞಾಸೆ ಮಾತ್ರ ಹಿರಿಯರಲ್ಲಿ ದೀರ್ಘಕಾಲ ನಡೆದೇ ಇತ್ತು. ಕಡೆಗೆ 1933ರಲ್ಲಿ, ಹಫೆಟ್ಸ್ ಹೈಮ್ ಎಂದು ಪ್ರಸಿದ್ಧರಾದ ವಯೋವೃದ್ಧ ಪಂಡಿತರು ಫ್ರಿಷ್ಟಾಕ್ ಎಂಬ ಊರಿನವರಿಗೆ ಪತ್ರ ಬರೆದು, ದೈವಭೀರುಗಳು ತಮ್ಮ ಹೆಣ್ಣುಮಕ್ಕಳನ್ನು ಈ ಶಾಲೆಗೆ ಸೇರಿಸಬೇಕೆಂದೂ, ಹಳೆಯ ಸಂಶಯಗಳಿಗೆ ಈಗ ಎಡೆಯಿಲ್ಲವೆಂದೂ ನಿರ್ಣಯವಿತ್ತರು. ಅಷ್ಟರಲ್ಲಿ ಸಾರಾರ ಮೊದಲ ಶಿಷ್ಯೆಯರು ಊರೂರಿಗೆ ಹೋಗಿ ಪಾಠ ಆರಂಭಿಸಿ ಎಷ್ಟೋ ವರ್ಷಗಳಾಗಿದ್ದುವು.