ಹಗೇವಿಗೆ ಬಂದ ನೀರು

ನಮ್ಮ ಸೀಮೆಯ ಹಳೆಯ ಮನೆತನಗಳಿಗೆ ಹಗೇವು ಎಂದರೆ ಧೈರ್ಯ. ಗಟ್ಟಿ ನೆಲದಲ್ಲಿ ಅಗೆದ ಆ ಕಣಜಕ್ಕೆ ಒಬ್ಬ ಆಳು ಇಳಿಯುವಷ್ಟೇ ಬಾಯಿ. ಒಳಗೆ ಹೂಜಿಯ ಹೊಟ್ಟೆಯಂತೆ ವಿಶಾಲ. ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು ರೂಢಿ. ಈ ಎಲ್ಲ ಏರ್ಪಾಟೂ ನೆಲದೊಳಗು ಒಣಗಿರುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ನಿಂತಿತ್ತು.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ ಸೀಮೆಗೆ ಕಾವೇರಿಯನ್ನು ತಂದಿತು. ರಾಗಿಯ ಹೊಲಗಳು ಗದ್ದೆಗಳಾದವು, ಕಬ್ಬು ಬಂದಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನಾವೆಲ್ಲ ಉಂಡದ್ದು, ಓದಿದ್ದು ಆ ನೀರಿನ ಋಣದಿಂದಲೇ. ಆದರೆ ಗದ್ದೆಗೆ ಹಾಯಿಸಿದ ನೀರು ಗದ್ದೆಯಲ್ಲೇ ನಿಲ್ಲುವುದಿಲ್ಲ. ಇಂಗಿ, ನೆಲದೊಳಗಿನ ನೀರಿನ ಮಟ್ಟವನ್ನು ಮೇಲಕ್ಕೆತ್ತುತ್ತದೆ.

ಮಳವಳ್ಳಿ ಕಡೆಯ ದಿಣ್ಣೆಯ ಮೇಲಿನ ಊರಿನಲ್ಲಿರುವ ನಮ್ಮ ಸೋದರತ್ತೆಯ ಮನೆಯ ಹಗೇವಿನಲ್ಲಿ ಇಂದಿಗೂ ಧೂಳು ಏಳುತ್ತದೆ. ಮದ್ದೂರು ಕಡೆಯ ತಗ್ಗಿನಲ್ಲಿರುವ ನಮ್ಮ ಮನೆಯ ಹಗೇವಿನಲ್ಲಿ ಮಾತ್ರ ಮೊಳಕಾಲುದ್ದ ನೀರು. ರಾಗಿ ತುಂಬುವುದು ನಿಂತು ಎರಡು ತಲೆಮಾರು ಕಳೆದಿತ್ತು. ನಡುಮನೆಯ ಕೆಳಗಿನ ಆ ನೀರು ಗೋಡೆಗೂ ಏರಿತು. ದೀಪದ ಬತ್ತಿ ಎಣ್ಣೆಯನ್ನು ಹೀರಿಕೊಳ್ಳುವಂತೆ ಮಣ್ಣಿನ ಗೋಡೆ ತೇವವನ್ನು ಹೀರಿಕೊಳ್ಳುತ್ತದೆ. ನೀರು ಆರಿದ ಕಡೆ ಉಪ್ಪು ಬೆಳ್ಳಗೆ ಉಳಿದು ಗಿಲಾವನ್ನು ಉದುರಿಸುತ್ತದೆ. ಮುಗ್ಗಲು ವಾಸನೆಯಲ್ಲಿ ಅವ್ವನಿಗೆ ಉಬ್ಬಸ ಹೆಚ್ಚಿತು. ಬೆಂಗಳೂರಿನಲ್ಲಿರುವ ತಮ್ಮ, ಮನೆಯನ್ನು ಕೆಡವೋಣ, ಇಲ್ಲವೇ ಹಗೇವಿಗೂ ಗೋಡೆಗೂ ಒಳಗಿನಿಂದ ಸಿಮೆಂಟು ಬಳಿಸೋಣ ಎಂದ. ಅವ್ವ ಮನೆ ಬಿಡಲು ಒಪ್ಪಲಿಲ್ಲ.

ಊರಿನ ಗಾರೆ ಕೆಲಸದ ಹಿರಿಯರೊಬ್ಬರನ್ನು ಕರೆಸಿದೆವು. ಅವರು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, "ನೀರು ಎಲ್ಲಿಂದ ಬರ್ತದೆ ಅಂತ ಮೊದ್ಲು ತಿಳ್ಕೊಳ್ಳಿ ಅಮ್ಮಾವ್ರೇ, ಆಮೇಲೆ ಕದ ಹಾಕೋಣ" ಎಂದರು. ಒಳಗೆ ಸಿಮೆಂಟು ಬಳಿದರೆ ಕೆಳಗಿನ ನೀರು ನಿಲ್ಲದು. ಆರಲು ದಾರಿಯಿಲ್ಲದೆ ಗೋಡೆಯಲ್ಲಿ ಇನ್ನೂ ಮೇಲೆ ಏರುತ್ತದೆ ಎಂಬುದು ಅವರ ಅನುಭವ.

ಗುರುತು ಹಾಕಿದ ಕೋಲೊಂದನ್ನು ಹಗೇವಿಗೆ ಇಳಿಬಿಟ್ಟು, ಪ್ರತಿದಿನ ನೀರಿನ ಮಟ್ಟವನ್ನು ಪಂಚಾಂಗದ ಹಾಳೆಯಲ್ಲಿ ಬರೆಯತೊಡಗಿದೆ. ನಾಲೆಗೆ ನೀರು ಬಿಟ್ಟ ಕೆಲವು ದಿನಗಳಲ್ಲಿ ಮಟ್ಟ ಏರುತ್ತಿತ್ತು, ನಿಲ್ಲಿಸಿದ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಆದರೆ ನಾಲೆ ಒಣಗಿದ ಬೇಸಿಗೆಯಲ್ಲೂ ಪಡುವಣ ಗೋಡೆ ಮಾತ್ರ ಆರಲಿಲ್ಲ. ಅದರಾಚೆ ಇದ್ದುದು ನೆರೆಮನೆಯ ಬಚ್ಚಲು.

ಮಾತು ಕೆಡುವ ಸಂದರ್ಭ ಅದು. ಅವ್ವ ನಮ್ಮನ್ನು ಕಳುಹಿಸದೆ ತಾವೇ ಹೋಗಿ, ದೂರು ಹೇಳದೆ, ಆ ಮನೆಯಾಕೆಯನ್ನು ಕರೆತಂದು ಗೋಡೆ ತೋರಿಸಿದರು. ಆಕೆ, "ನಮ್ಮ ಮನೇಲೂ ಹಿಂಗೇ ಆಗಿದೆ ಅಕ್ಕಾ" ಎಂದರು. ಎರಡೂ ಮನೆಯವರು ಸೇರಿ, ಇಳಿಜಾರು ನೋಡಿ ಊರ ಚರಂಡಿಯವರೆಗೆ ಕಲ್ಲಿನ ಕಾಲುವೆ ಕಟ್ಟಿಸಿದೆವು, ಖರ್ಚು ಸರಿಪಾಲು.

ಅನಂತರ, ನಾಲೆ ನಿಂತ ಕಾಲದಲ್ಲಿ ಹಗೇವಿನ ನೀರನ್ನು ಎತ್ತಿಸಿ, ತಳದಿಂದ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ ತುಂಬಿಸಿದೆವು. ಕಲ್ಲುಗಳ ನಡುವಿನ ದೊಡ್ಡ ಸಂದುಗಳಲ್ಲಿ ನೀರು ಬತ್ತಿಯಲ್ಲಿ ಏರಿದಂತೆ ಏರಲಾರದು. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟು ಹಾಕಿಸಿದೆವು. ಗೋಡೆಯ ಕೆಳಗಿನ ಮೂರಡಿ ಗಿಲಾವನ್ನು ಕೆತ್ತಿಸಿ, ಒಂದು ಬೇಸಿಗೆ ಬರಿದಾಗಿ ಬಿಟ್ಟು, ಪೂರಾ ಆರಿದ ಮೇಲೆ ಸುಣ್ಣದ ಗಾರೆ ಮಾಡಿಸಿದೆವು. ಸುಣ್ಣ ತೇವವನ್ನು ಹೊರಬಿಡುತ್ತದೆ. ಹಗೇವನ್ನು ಮುಚ್ಚುವ ದಿನ ಅವ್ವ ಅದರ ಬಾಯಿಗೆ ಒಂದು ಹಿಡಿ ರಾಗಿ ಹಾಕಿ ಒಳಗೆ ನಡೆದರು.

ನಾಲೆಯ ಬಯಲಿನಲ್ಲಿ ಹೊಸದಾಗಿ ಮನೆ ಕಟ್ಟುವ ಬಂಧುಗಳಿಗೆ ಒಂದು ಮಾತು. ತಳಪಾಯವನ್ನು ಬೀದಿಗಿಂತ ಎತ್ತರಿಸಿ. ಗೋಡೆ ಏಳುವ ಮೊದಲು ತಳಪಾಯದ ಮೇಲೆ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಸಣ್ಣ ಜಲ್ಲಿಗೆ ನೀರು ತಡೆಯುವ ಪುಡಿ ಬೆರೆಸಿ ಒಂದೂವರೆ ಅಂಗುಲದ ಪದರವನ್ನು ಬಿಡುವಿಲ್ಲದೆ ಹಾಕಿಸಿ. ಅಂದು ಆಗುವ ಖರ್ಚು ಅಲ್ಪ. ಗೋಡೆ ಎದ್ದ ಮೇಲೆ ಅದೇ ಕೆಲಸ ಬಲು ಕಷ್ಟ.

ಈಗ ಎರಡು ಮಳೆಗಾಲ ಕಳೆದಿವೆ. ಪಡುವಣ ಗೋಡೆಯ ಮೂಲೆಯೊಂದರಲ್ಲಿ ಇನ್ನೂ ಸ್ವಲ್ಪ ಉಪ್ಪು ಕಾಣುತ್ತದೆ, ಆದರೆ ವಾಸನೆ ಹೋಗಿದೆ. ಅವ್ವನಿಗೆ ರಾತ್ರಿ ನಿದ್ದೆ ಹತ್ತುತ್ತಿದೆ. ಮುಂಗಾರಿಗೆ ಮುನ್ನ ಆ ಕಾಲುವೆಯ ಹೂಳು ತೆಗೆಯುವ ಸರದಿ ಒಂದು ವರ್ಷ ನಮ್ಮದು, ಒಂದು ವರ್ಷ ಅವರದು.