ನೀರು ಕುಡಿದ ದೋಣಿ

ಮದ್ರಾಸಿನಲ್ಲಿ ಕೂತು ಕನ್ನಡ ಎಂ.ಎ. ಓದುವ ಹುಡುಗ ದೋಣಿ ರಿಪೇರಿ ಮಾಡಿದ ಅಂದರೆ ನಗದವರು ಕಡಿಮೆ. "ಅದಕ್ಕೂ ಇದಕ್ಕೂ ಏನಯ್ಯಾ ಸಂಬಂಧ?" ಅನ್ನುತ್ತಾರೆ. ಸಂಬಂಧ ಇದೆ ಅಂತ ವಾದ ಮಾಡಿ ಗೆಲ್ಲುವ ಆಸೆ ನನಗಿಲ್ಲ. ಹೋದ ಸೆಮಿಸ್ಟರಿಗೆ ಓದಿದ್ದರಲ್ಲಿ ಅರ್ಧ ಮರೆತುಹೋಗಿದೆ. ಆ ಏಳು ತಿಂಗಳಲ್ಲಿ ಕೈಗೆ ಹತ್ತಿದ ರಾಳದ ವಾಸನೆ ಮಾತ್ರ ಇನ್ನೂ ಇದ್ದ ಹಾಗೇ ಅನ್ನಿಸುತ್ತದೆ. ಅದನ್ನೇ ಸಂಘದ ಗೆಳೆಯರ ಮುಂದೆ ಇಡೋಣ ಅಂತ ಬರೆಯುತ್ತಿದ್ದೇನೆ.

ಮೊದಲು ಕಾಲುವೆಯ ವಿಷಯ. ನಿಮ್ಮಲ್ಲಿ ಎಷ್ಟೋ ಜನ ದಿನಾ ಅದರ ಮೇಲೇ ಓಡಾಡುತ್ತೀರಿ. ಬೀಚ್ ಸ್ಟೇಷನ್ನಿನಿಂದ ಮೈಲಾಪುರದ ಕಡೆ ಬರುವ ಎತ್ತರದ ರೈಲು ಇದೆಯಲ್ಲ, 1995ರಲ್ಲಿ ಚೇಪಾಕದ ತನಕ, 1997ರಲ್ಲಿ ಮೈಲಾಪುರದ ತನಕ ಬಂದದ್ದು, ಅದರ ಕಂಬಗಳು ಎಷ್ಟೋ ಕಡೆ ನಿಂತಿರುವುದು ಕಾಲುವೆಯ ಹೊಟ್ಟೆಯಲ್ಲೇ. ಕೆಳಗೆ ಕಪ್ಪಗೆ, ಅಲ್ಲಾಡದೆ ಬಿದ್ದಿರುವ ನೀರನ್ನು ನೋಡಿ ಎಲ್ಲರೂ ಮೂಗು ಮುಚ್ಚಿಕೊಂಡು ಚರಂಡಿ ಅನ್ನುತ್ತಾರೆ. ಅದೇ ಬಕಿಂಗ್‌ಹ್ಯಾಮ್ ಕಾಲುವೆ. ಆಂಧ್ರದ ಪೆದ್ದಗಂಜಾಂನಿಂದ ತಮಿಳುನಾಡಿನ ಮರಕ್ಕಾಣದವರೆಗೆ, ಸಮುದ್ರದ ಮಗ್ಗುಲಲ್ಲೇ ಸುಮಾರು 420 ಕಿಲೋಮೀಟರು. 1806ರಲ್ಲಿ ಬೇಸಿಲ್ ಕಾಕ್ರೇನ್ ಅನ್ನುವ ಬಿಳಿಯ ಸಾಹುಕಾರ ಮದ್ರಾಸಿನಿಂದ ಉತ್ತರಕ್ಕೆ ಎಣ್ಣೂರಿನ ಕಡೆ ಅದರ ಮೊದಲ ತುಂಡನ್ನು ತೋಡಿಸಿದ. 1837ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಉತ್ತರಕ್ಕೂ ದಕ್ಷಿಣಕ್ಕೂ ಬೆಳೆಯಿತು. ಉಪ್ಪು, ಅಕ್ಕಿ, ಸರ್ವೆ ಮರದ ಸೌದೆ ಎಲ್ಲಾ ದೋಣಿಯಲ್ಲೇ ಊರಿಗೆ ಬರುತ್ತಿತ್ತು. ಆ ಸೌದೆಯಲ್ಲಿ ಒಂದಿಷ್ಟು ನಮ್ಮ ಉಡುಪಿಯವರ ಹೋಟೆಲ್ ಒಲೆಗೂ ಹೋಗಿರಬೇಕು.

ಊರಿನ ಒಳಗೆ ಕೂವಂ ನದಿಗೂ ಅಡ್ಯಾರ್ ನದಿಗೂ ನಡುವೆ ಇರುವ ಎಂಟು ಕಿಲೋಮೀಟರಿನ ತುಂಡು ಬೇರೆ ಥರದ್ದು. ಅದನ್ನು ತೋಡಿದ್ದು 1877-78ರಲ್ಲಿ, ಬರಗಾಲದ ಕಾಮಗಾರಿಯಾಗಿ. ಆಗ ಗವರ್ನರ್ ಆಗಿದ್ದವನು ಬಕಿಂಗ್‌ಹ್ಯಾಮ್ ಡ್ಯೂಕ್, ಹೆಸರು ಅವನದಾಯಿತು. ಆ ಬರ ಯಾವುದು ಗೊತ್ತೇ? ನಮ್ಮ ಅಜ್ಜಿಯರ ಬಾಯಲ್ಲಿ ಇದ್ದ ಧಾತು-ಈಶ್ವರ ಬರವೇ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರಿನ ಜನ 1881ರ ಹೊತ್ತಿಗೆ ಸುಮಾರು 42 ಲಕ್ಷ. ಬಳ್ಳಾರಿ ಆಗ ಮದ್ರಾಸ್ ಪ್ರಾಂತಕ್ಕೇ ಸೇರಿತ್ತು, ಅಲ್ಲೂ ಜನ ಹುಳದ ಹಾಗೆ ಸತ್ತರು. ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ ಬಂದು, ದಿನವಿಡೀ ಮಣ್ಣು ಹೊತ್ತ ಗಂಡಾಳಿಗೆ ಒಂದು ಪೌಂಡು ಧಾನ್ಯ, ಮೇಲೆ ಒಂದಿಷ್ಟು ಕಾಸು ಸಾಕು ಅಂದ. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಡಿಮೆ. ಇಷ್ಟರಲ್ಲಿ ಮನುಷ್ಯ ದುಡಿದು ಬದುಕಲಾರ ಅಂತ ಆರೋಗ್ಯ ಇಲಾಖೆಯ ಡಾಕ್ಟರ್ ಕಾರ್ನಿಷ್ ಜಗಳ ಆಡಿದ್ದು ದಾಖಲೆಯಲ್ಲಿದೆ. ಮೈಲಾಪುರದ ಹತ್ತಿರ ಗುದ್ದಲಿ ಹಿಡಿದವರು ತಮಿಳರೋ ತೆಲುಗರೋ ಇರಬೇಕು. ಆದರೆ ಹಸಿವು ನಮ್ಮೂರಿನ ಹಸಿವೇ. ಇದನ್ನು ಓದಿದ ಮೇಲೆ ನನಗೆ ಆ ಕಾಲುವೆಯನ್ನು ಚರಂಡಿ ಅನ್ನುವುದಕ್ಕೆ ನಾಲಿಗೆ ಏಳುವುದಿಲ್ಲ.

ಇನ್ನು ದೋಣಿ. ನನ್ನ ಜೊತೆ ಡಿಗ್ರಿ ಓದಿದ ಗೆಳೆಯ ಒಬ್ಬ ಪಳವೇರ್ಕಾಡಿನವನು. ಇಂಗ್ಲಿಷಿನಲ್ಲಿ ಪುಲಿಕಾಟ್ ಅನ್ನುತ್ತಾರಲ್ಲ, ಅದು. ಲೋಕಲ್ ರೈಲಿನಲ್ಲಿ ಪೊನ್ನೇರಿಗೆ ಹೋಗಿ ಅಲ್ಲಿಂದ ಬಸ್ಸು. ಡಚ್ಚರು 1613ರಲ್ಲಿ ಕೋಟೆ ಕಟ್ಟಿದ ಊರು. ಈಗ ಅವರ ಗೋರಿಗಳಿವೆ, ಸರೋವರ ಇದೆ. ಕಾಲುವೆ ಈ ಸರೋವರವನ್ನು ಹಾದೇ ಉತ್ತರಕ್ಕೆ ಹೋಗುತ್ತದೆ. ಗೆಳೆಯನ ತಾತ ಹುಡುಗನಾಗಿದ್ದಾಗ ಕಾಲುವೆ ದೋಣಿಯ ಕೆಲಸ ಮಾಡಿದವರು. ಗಾಳಿ ಇದ್ದರೆ ಹಾಯಿ, ಇಲ್ಲದಿದ್ದರೆ ಜಲ್ಲೆ, ಅದೂ ಆಗದಿದ್ದರೆ ಹೆಗಲಿಗೆ ಹಗ್ಗ ಹಾಕಿಕೊಂಡು ದಂಡೆಯ ಮೇಲೆ ನಡೆಯುತ್ತಾ ಎಳೆಯುವುದು. 1965-66ರ ಚಂಡಮಾರುತಗಳಲ್ಲಿ ಕಾಲುವೆ ಒಡೆದು ಹೂತುಹೋದ ಮೇಲೆ ಆ ಕೆಲಸ ನಿಂತಿತು. ಅವರ ಅಪ್ಪ ಕಟ್ಟಿಸಿದ್ದ ಚಿಕ್ಕ ದೋಣಿ, ಇಪ್ಪತ್ತನಾಲ್ಕು ಅಡಿಯದು, ಆಮೇಲೆ ಸರೋವರದಲ್ಲಿ ಮೀನಿಗೆ ಹೋಗುತ್ತಿತ್ತು. ಫೈಬರ್ ದೋಣಿ ಬಂದ ಮೇಲೆ ಅದೂ ನಿಂತು, ತಾಳೆ ಮರದ ಬುಡದಲ್ಲಿ ಮಗುಚಿ ಬಿದ್ದಿತ್ತು. ಹೋದ ವರ್ಷ ಪೊಂಗಲ್‌ಗೆ ನಾನು ಅವರ ಮನೆಗೆ ಹೋದಾಗ, ಸೌದೆಗೆ ಅಂತ ಅದಕ್ಕೆ ಬೆಲೆ ಕಟ್ಟಿ ಹೋಗಿದ್ದರು.

"ನಾವೇ ಸರಿ ಮಾಡೋಣ" ಅಂತ ಗೆಳೆಯ ಅಂದ. ಇನ್ನೊಬ್ಬ ಸ್ನೇಹಿತನೂ ಸೇರಿದ. ಮೂವರೂ ಟ್ಯೂಷನ್ ಹೇಳಿಕೊಟ್ಟ ದುಡ್ಡು ಹಾಕುವುದು, ಭಾನುವಾರ ಭಾನುವಾರ ಹೋಗುವುದು, ಕೂಲಿಗೆ ಜನ ಇಡದೆ ನಾವೇ ಕೈಯಾರೆ ಮಾಡುವುದು. ಆಮೇಲೆ ಕಾಲುವೆಯಲ್ಲೇ ದೋಣಿ ನಡೆಸಿಕೊಂಡು ಮದ್ರಾಸಿನ ಬೇಸಿನ್ ಬ್ರಿಡ್ಜಿಗೆ ತರುವುದು! ತಾತ ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ತಂಬಿ, ಓಡಿಸೋದು ಎಲ್ಲಿ?"

ಮನೆಯಲ್ಲಿ ಅಪ್ಪನೂ ಕೇಳಿದ್ದು ಹೆಚ್ಚುಕಡಿಮೆ ಅದನ್ನೇ. ನಮ್ಮದು ಕುಂದಾಪುರದ ಕಡೆ, ಅಪ್ಪ ಇಲ್ಲಿ ಹೋಟೆಲಿನಲ್ಲಿ ಕ್ಯಾಶಿಗೆ ಕೂರುವವರು. "ಎಂತಕ್ಕಾ ಮಾರಾಯಾ ನಿಂಗೆ ಇದೆಲ್ಲಾ?" ಅಂದರು. ಆದರೆ ಮೂರನೆಯ ಭಾನುವಾರ ತಾವೇ ಹೊರಟು ಬಂದರು. ಅಲ್ಲಿ ದೋಣಿ ಕೆಲಸ ಗೊತ್ತಿದ್ದ ಮುದುಕ ಆಚಾರಿ ಒಬ್ಬರು ಹಲಗೆ ಮುಟ್ಟಿ, "ಇದು ಅಯಿನಿ" ಅಂದರು. ಅಪ್ಪ ಬಗ್ಗಿ ಉಗುರಿನಿಂದ ಕೆರೆದು ನೋಡಿ, "ಇದ್ ನಮ್ಮ ಹೆಬ್ಬಲ್ಸ್ ಅಲ್ದಾ!" ಅಂದರು. ಗಂಗೊಳ್ಳಿಯ ಕಡೆ ದೋಣಿಗೆ ಹಾಕುವ ಮರ. ಅಷ್ಟು ಆದದ್ದೇ ಸೈ, ಭಾಷೆ ಬರದ ಇಬ್ಬರೂ ಸಂಜೆ ತನಕ ಮರದ ಮೇಲೇ ಮಾತಾಡಿದರು. ಊರಿನಲ್ಲಿ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ ಅಂತ ಅಪ್ಪ, ಇಲ್ಲಿ ಮೀನೆಣ್ಣೆ ಅಂತ ಅವರು.

ದೋಣಿ ಕೆಲಸ ಅಂದರೆ ಮೊದಲ ತಿಂಗಳೆಲ್ಲಾ ಕೆರೆಯುವುದೇ. ಹಳೇ ಬಣ್ಣ, ಡಾಂಬರು, ಒಣಗಿ ಅಂಟಿದ ಚಿಪ್ಪು. ಆಮೇಲೆ ಆಚಾರಿಯವರು ಕೈಗೆ ಮರದ ಸುತ್ತಿಗೆ ಕೊಟ್ಟು, "ತಟ್ಟಿಕೊಂಡು ಹೋಗಿ, ಕೇಳಿ" ಅಂದರು. ಗಟ್ಟಿ ಮರ ಠಣ್ ಅನ್ನುತ್ತದೆ, ಒಳಗೆ ಕೊಳೆತದ್ದು ಹಲಸಿನ ಹಣ್ಣು ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಡಬ್ ಅಂದ ಕಡೆ ದಬ್ಬಳ ಚುಚ್ಚಿದರೆ ಸಲೀಸಾಗಿ ಇಳಿಯುತ್ತದೆ. ಹೀಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಾಗ ತಳದಲ್ಲಿ ಐದು ಹಲಗೆ ಹೋಗಿತ್ತು. ಉಪ್ಪು ನೀರಿನಲ್ಲಿ ಮರ ಕೊರೆಯುವ ಹುಳ ಇರುತ್ತದೆ. ಹೊರಗಿನಿಂದ ಗುಂಡುಸೂಜಿಯಷ್ಟು ತೂತು, ಒಳಗೆ ಹೆಬ್ಬೆರಳಿನಷ್ಟು ಸುರಂಗ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿಂದಿತ್ತು. ಮೊಳೆ ಕಿತ್ತು, ಹಲಗೆ ಬಿಚ್ಚಿ, ಹಳೆಯದನ್ನೇ ಅಳತೆಗೆ ಇಟ್ಟುಕೊಂಡು ಹೊಸದನ್ನು ಕೊಯ್ದು, ಒದ್ದೆ ಗೋಣಿ ಹೊದಿಸಿ ಬಿಸಿ ಮಾಡಿ ಬಗ್ಗಿಸಿ, ಸತು ಬಳಿದ ಮೊಳೆ ಹೊಡೆದು ಕೂರಿಸಿದೆವು. ಬಗ್ಗದ ಹಲಗೆಯನ್ನು ಬಲವಂತ ಮಾಡಿದರೆ ಸೀಳುತ್ತದೆ. ಒಂದು ಹಲಗೆಗೆ ಎರಡು ಭಾನುವಾರ.

ಎಲ್ಲಕ್ಕಿಂತ ನಾಜೂಕಿನ ಕೆಲಸ ಸಂದು ತುಂಬುವುದು. ಕಲಪ್ಪತ್ತು ಅಂತಾರೆ ತಮಿಳಿನಲ್ಲಿ, ಪೋರ್ಚುಗೀಸರು ಬಿಟ್ಟು ಹೋದ ಮಾತಂತೆ. ಹತ್ತಿಯ ನೂಲನ್ನು ಎಣ್ಣೆಯಲ್ಲಿ ಅದ್ದಿ, ಹೊಸೆದು, ಮೊಂಡು ಉಳಿಯಿಂದ ಹಲಗೆ ಹಲಗೆಯ ನಡುವೆ ಇಳಿಸುತ್ತಾ ಹೋಗಬೇಕು. ಅದರ ಮೇಲೆ ರಾಳವನ್ನು ಎಣ್ಣೆಯಲ್ಲಿ ಕುದಿಸಿ ಮಾಡಿದ ಅಂಟು. ಸಡಿಲ ಆದರೆ ನೀರು ಬರುತ್ತದೆ. ಗಿಡಿದು ತುಂಬಿದರೂ ಕಷ್ಟ, ಯಾಕೆಂದರೆ ಮರ ನೀರು ಕುಡಿದು ಊದಿಕೊಂಡಾಗ ಜಾಗ ಇಲ್ಲದೆ ಮೊಳೆಯನ್ನೇ ಎಬ್ಬಿಸುತ್ತದೆ. "ನೀವು ಅರ್ಧ ಮುಚ್ಚಿ, ಉಳಿದ ಅರ್ಧ ನೀರು ಮುಚ್ಚುತ್ತೆ" ಅಂದರು ಆಚಾರಿ.

ಈ ನಡುವೆ ಒಂದು ದಿನ ಬೇಸಿನ್ ಬ್ರಿಡ್ಜಿನ ಕನಸು ಪರೀಕ್ಷಿಸೋಣ ಅಂತ ಮೂವರೂ ಕಾಲುವೆ ದಂಡೆ ಹಿಡಿದು ನಡೆದೆವು. ಪಳವೇರ್ಕಾಡಿನ ಹತ್ತಿರ ನೀರಿದೆ, ಹಕ್ಕಿ ಇದೆ. ಎಣ್ಣೂರು ಹತ್ತಿರ ಬಂದ ಹಾಗೆ ನೀರಿನ ಬಣ್ಣ ಬೂದಿಯದಾಗುತ್ತದೆ, ವಿದ್ಯುತ್ ಸ್ಥಾವರದ ಹಾರುಬೂದಿ. ಕಾಲಿಟ್ಟರೆ ಮೊಣಕಾಲ ತನಕ ಹೂತುಹೋಗುವ ಬೂದಿ. ಊರು ಹತ್ತಿರವಾದಂತೆ ಕೊಳಚೆ, ಪ್ಲಾಸ್ಟಿಕ್ಕು, ನೀರಿನ ಮೇಲೆ ಮುಚ್ಚಿಕೊಂಡ ಅಂತರಗಂಗೆ, ತಲೆ ತಗಲುವಷ್ಟು ಕೆಳಗೆ ಪೈಪುಗಳು. 2008ರಲ್ಲಿ ಈ ಕಾಲುವೆಯನ್ನು 4ನೇ ರಾಷ್ಟ್ರೀಯ ಜಲಮಾರ್ಗದ ಭಾಗ ಅಂತ ಘೋಷಿಸಿದ್ದಾರೆ. 2004ರ ಸುನಾಮಿಯ ದಿನ ಎಷ್ಟೋ ಊರುಗಳಲ್ಲಿ ನುಗ್ಗಿ ಬಂದ ನೀರನ್ನು ಈ ಕಾಲುವೆಯೇ ತನ್ನೊಳಗೆ ತೆಗೆದುಕೊಂಡಿತು. ಅದನ್ನು ಹೊಗಳುವವರಿಗೆ ಕೊರತೆ ಇಲ್ಲ, ಆದರೆ ದೋಣಿ ಬರಲು ದಾರಿ ಇಲ್ಲ. ನಾವು ಮೂವರು ಐದು ಹಲಗೆ ಬದಲಿಸಬಹುದು. ಕಾಲುವೆಯನ್ನು ಬದಲಿಸಲು ಮೂರು ಜನ ಸಾಲದು. ವಾಪಸು ಬರುವಾಗ ಯಾರೂ ಮಾತಾಡಲಿಲ್ಲ.

ಆಡಿ ಹದಿನೆಂಟು, ನೀರಿನ ಹಬ್ಬ. ಆ ದಿನವೇ ದೋಣಿ ಇಳಿಯಬೇಕು ಅಂತ ತಾತನ ಹಟ. ಹತ್ತು ಜನ ಸೇರಿ ಉರುಳೆ ಮರದ ಮೇಲೆ ತಳ್ಳಿ ಸರೋವರಕ್ಕೆ ಇಳಿಸಿದರೆ, ಎಲ್ಲಾ ಸಂದಿನಿಂದಲೂ ನೀರು! ಏಳು ತಿಂಗಳು ಮಾಡಿದ ಕೆಲಸ ಕಣ್ಣೆದುರೇ ತುಂಬಿಕೊಂಡು ಕೂತಿತು. ನಮ್ಮ ಮುಖ ನೋಡಿ ತಾತ ನಕ್ಕರು. "ಇಷ್ಟು ವರ್ಷ ಬಾಯಾರಿಕೊಂಡಿತ್ತು, ಕುಡೀಲಿ ಬಿಡಿ" ಅಂದರು. ಎರಡು ದಿನ ಹಾಗೇ ಮುಳುಗಿಸಿ ಇಟ್ಟರು. ಮೂರನೆಯ ದಿನ ತಗಡಿನ ಡಬ್ಬದಲ್ಲಿ ನೀರು ಮೊಗೆದು ಚೆಲ್ಲಿದ ಮೇಲೆ ದೋಣಿ ಎದ್ದು ತೇಲಿತು. ಸಂದು ಎಲ್ಲಿತ್ತು ಅಂತ ಬೆರಳಿಗೆ ಸಿಕ್ಕುವುದೇ ಕಷ್ಟ. ಮರದ ದೋಣಿಗೆ ಒಣಗುವುದೇ ರೋಗ, ನೀರೇ ಔಷಧಿ.

ಕಷ್ಟ ಶುರುವಾದದ್ದು ಆಮೇಲೆ. ಒಟ್ಟು ಖರ್ಚು 31,000 ರೂಪಾಯಿ. ಸಮುದ್ರ ದಂಡೆಯ ರೆಸಾರ್ಟಿನವರು ಒಬ್ಬರು ಬಂದು ನೋಡಿ, 75,000 ಕೊಡುತ್ತೇವೆ ಅಂದರು. ಹುಲ್ಲುಹಾಸಿನ ಮೇಲೆ ಇಟ್ಟು, ದೀಪ ಹಾಕಿ, ಒಳಗೆ ಊಟದ ಮೇಜು ಮಾಡುತ್ತಾರಂತೆ. 'ಹಳೇ ಕಾಲುವೆ ದೋಣಿ' ಅಂತ ಬೋರ್ಡೂ ಇರುತ್ತದಂತೆ. ನಮ್ಮ ಮೂವರಲ್ಲೇ ಒಡಕು ಬಂತು. ಮೂರನೆಯ ಸ್ನೇಹಿತನಿಗೆ ಫೀಸು ಕಟ್ಟುವುದಿತ್ತು, ಅವನ ಮಾತನ್ನು ತಪ್ಪು ಅನ್ನಲಾರೆ. "ಅಲ್ಲಿದ್ದರೆ ನಾಲ್ಕು ಜನ ನೋಡುತ್ತಾರೆ, ಇಲ್ಲಿ ಇನ್ನು ಐದು ವರ್ಷಕ್ಕೆ ಮತ್ತೆ ಕೊಳೆಯುತ್ತದೆ" ಅಂದ. ಅದೂ ನಿಜ. ಎರಡು ವಾರ ಜಗಳ ಆಡಿದೆವು. ಕೊನೆಗೆ ದೋಣಿ ಯಾರದೋ ಅವರನ್ನೇ ಕೇಳೋಣ ಅಂತ ತಾತನ ಮುಂದೆ ಕೂತೆವು. ಅವರಿಗೆ 75,000 ಚಿಕ್ಕ ಮೊತ್ತ ಅಲ್ಲ. ತುಂಬ ಹೊತ್ತು ಬಲೆಯ ಗಂಟು ಬಿಚ್ಚುತ್ತಾ ಇದ್ದು, "ಅಲ್ಲಿ ಅದಕ್ಕೆ ನೀರು ಹಾಕೋರು ಯಾರು?" ಅಂತ ಕೇಳಿದರು. ಅಷ್ಟೇ.

ದೋಣಿ ಈಗ ಅದೇ ಬೀದಿಯ ಒಬ್ಬರ ಹತ್ತಿರ ಇದೆ. ದಿನಬಾಡಿಗೆ ಕೊಟ್ಟು ಬೇರೆಯವರ ದೋಣಿಯಲ್ಲಿ ಏಡಿ ಬಲೆ ಹಾಕುತ್ತಿದ್ದವರು. ಸರೋವರದ ಆಳ ಸರಾಸರಿ ಒಂದು ಮೀಟರ್, ಜಲ್ಲೆ ಹಾಕಿ ನೂಕುವ ಚಪ್ಪಟೆ ತಳದ ದೋಣಿಗೆ ಹೇಳಿ ಮಾಡಿಸಿದ ಜಾಗ. ಭಾರ ಜಾಸ್ತಿ, ವರ್ಷಕ್ಕೊಮ್ಮೆ ದಡಕ್ಕೆ ಎಳೆದು ಕೆರೆದು ಎಣ್ಣೆ ಬಳಿಯಬೇಕು ಅಂತ ಅವರು ಗೊಣಗುತ್ತಾರೆ. ಗೊಣಗುತ್ತಲೇ ಮಾಡುತ್ತಾರೆ. ತಿಂಗಳಿಗಿಷ್ಟು ಅಂತ ಹಣ ಕೊಡುತ್ತಿದ್ದಾರೆ. ಮೊದಲ ಕಂತುಗಳೆಲ್ಲಾ ಆ ಸ್ನೇಹಿತನ ಫೀಸಿಗೇ ಹೋಯಿತು.

ಐದು ಹಲಗೆ, ಮೊಳೆ, ನೂಲು ಎಲ್ಲಾ ಹೊಸದಾದ ಮೇಲೆ ಅದನ್ನು ಹಳೇ ದೋಣಿ ಅನ್ನಬಹುದೇ ಅಂತ ನಮ್ಮ ಸಂಘದಲ್ಲಿ ಒಬ್ಬರು ಕೇಳಿದರು. ತಾತನಿಗೆ ಈ ಪ್ರಶ್ನೆ ಅರ್ಥವೇ ಆಗಲಿಲ್ಲ. ಅವರ ಅಪ್ಪನ ಕಾಲದಲ್ಲೂ ಹಲಗೆ ಬದಲಿಸಿದ್ದರಂತೆ, ಇನ್ನು ಮುಂದೆಯೂ ಬದಲಿಸುತ್ತಾರಂತೆ. ಊರು ಬಿಟ್ಟು ಬಂದು ಇಲ್ಲಿ ಕನ್ನಡ ಓದುವ ನಮಗೂ ಈ ಮಾತು ಬೇಕಾಗಬಹುದು. ನಾವೂ ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ದೀಪ ಹಾಕಿ, ಬೋರ್ಡು ಬರೆದು, ಭಾಷೆಯನ್ನು ಹುಲ್ಲುಹಾಸಿನ ಮೇಲೆ ಇಡುತ್ತೇವೆ. ಮಿಕ್ಕ ದಿನ ಅದಕ್ಕೆ ನೀರು ಹಾಕುವವರು ಯಾರು ಅಂತ ಗೆಳೆಯರು ಸ್ವಲ್ಪ ಯೋಚಿಸಬೇಕು. ಮೈಲಾಪುರದ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಒಮ್ಮೆ ಕೆಳಗೂ ನೋಡಿ. ಒಂದು ಪೌಂಡು ಧಾನ್ಯಕ್ಕೆ ಅದನ್ನು ತೋಡಿದವರು ದೋಣಿ ಹೋಗಲಿ ಅಂತಲೇ ತೋಡಿದ್ದರು.